ಕೀಲಿಕೈ ಯಾರ ಬಳಿ? ಬಸಿರಿಗೆ ಮೊದಲು, ಬಸಿರಿನಲ್ಲಿ, ಹೆರಿಗೆಯ ನಂತರ ಹಾರ್ಮೋನುಗಳ ಏರಿಳಿತ

ಒಂದು ರಾತ್ರಿ ಗೆಳತಿಯೊಬ್ಬಳು, ಬಸಿರನ್ನು ಪತ್ತೆಮಾಡುವ ಹಾರ್ಮೋನಿಗಾಗಿ ಮಾಡಿಸಿದ ತನ್ನ ರಕ್ತಪರೀಕ್ಷೆಯ ವರದಿಯ ಚಿತ್ರವನ್ನು ಮೊಬೈಲಿಗೆ ಕಳಿಸಿದಳು. ‘ಬೀಟಾ ಎಚ್‌ಸಿಜಿ: 212’ ಎಂದಿತ್ತು. ಅದರ ಕೆಳಗೆ ಸಣ್ಣಕ್ಷರದಲ್ಲಿ ಒಂದು ಪಟ್ಟಿ: ನಾಲ್ಕನೆಯ ವಾರಕ್ಕೆ 5ರಿಂದ 426, ಐದನೆಯ ವಾರಕ್ಕೆ 18ರಿಂದ 7,340. ಚಿತ್ರದ ಹಿಂದೆಯೇ ಪ್ರಶ್ನೆಯೂ ಬಂತು, ‘ಇದು ಕಡಿಮೆಯೋ ಜಾಸ್ತಿಯೋ?’ ಈಗೀಗ ಪ್ರಯೋಗಾಲಯದ ವರದಿ ವೈದ್ಯರ ಮೇಜಿಗಿಂತ ಮೊದಲು ನಮ್ಮ ಮೊಬೈಲಿಗೆ ಬಂದು ಬೀಳುತ್ತದೆ. ಅಂಕಿ ರಾತ್ರಿಯೇ ಸಿಗುತ್ತದೆ, ಅದರ ಅರ್ಥಕ್ಕೆ ಬೆಳಗಿನವರೆಗೆ ಕಾಯಬೇಕು.

ನಾನು ಕೊಟ್ಟ ಉತ್ತರದಿಂದ ಅವಳಿಗೆ ಸಮಾಧಾನವಾಗಲಿಲ್ಲ. ಒಂದು ಅಂಕಿ ನೋಡಿ ಏನೂ ಹೇಳಲಾಗದು, ಎರಡು ದಿನ ಬಿಟ್ಟು ಇನ್ನೊಮ್ಮೆ ನೋಡಬೇಕು ಎಂದಿದ್ದೆ. ಬಸಿರಿನ ಹಾರ್ಮೋನುಗಳ ವಿಷಯವೇ ಹೀಗೆ. ಎಷ್ಟಿದೆ ಎಂದು ಕೇಳುವ ಮೊದಲು ಇದು ಯಾವ ವಾರ, ಮಟ್ಟ ಏರುತ್ತಿದೆಯೋ ಇಳಿಯುತ್ತಿದೆಯೋ ಎಂದು ಕೇಳಬೇಕು. ಅದಕ್ಕೂ ಮುಖ್ಯವಾದ ಪ್ರಶ್ನೆ ಇನ್ನೊಂದಿದೆ: ಸದ್ಯಕ್ಕೆ ಈ ಹಾರ್ಮೋನನ್ನು ತಯಾರಿಸುತ್ತಿರುವವರು ಯಾರು? ಹಾರ್ಮೋನುಗಳ ಉಗ್ರಾಣದ ಕೀಲಿಕೈ ಮೊದಲು ತಾಯಿಯ ಮೆದುಳಿನ ಬಳಿ ಇರುತ್ತದೆ. ಆಮೇಲೆ ಭ್ರೂಣ ಅದನ್ನು ಕಸಿದುಕೊಳ್ಳುತ್ತದೆ, ಭ್ರೂಣವನ್ನು ಪೋಷಿಸುವ ಮಾಸು (ಪ್ಲಾಸೆಂಟಾ) ಅದನ್ನು ತಿಂಗಳುಗಟ್ಟಲೆ ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತದೆ. ಹೆರಿಗೆಯಾದ ಅರ್ಧ ಗಂಟೆಯೊಳಗೆ ಕೀಲಿಕೈ ಹಿಡಿದವರೇ ಮನೆ ಬಿಟ್ಟು ಹೋಗಿರುತ್ತಾರೆ.

ಮೊದಲು ಎರಡು ಮಾತು: ಹಾರ್ಮೋನ್ ಮತ್ತು ವಾರದ ಲೆಕ್ಕ

ದೇಹದ ಒಂದು ಅಂಗ ರಕ್ತಕ್ಕೆ ಬಿಟ್ಟು, ದೂರದ ಇನ್ನೊಂದು ಅಂಗದಿಂದ ಕೆಲಸ ಮಾಡಿಸುವ ರಾಸಾಯನಿಕವೇ ಹಾರ್ಮೋನ್. ಈ ಹೆಸರನ್ನು 1905ರಲ್ಲಿ ಬಳಕೆಗೆ ತಂದವರು ಇಂಗ್ಲೆಂಡಿನ ಶರೀರಶಾಸ್ತ್ರಜ್ಞ ಅರ್ನೆಸ್ಟ್ ಸ್ಟಾರ್ಲಿಂಗ್. ಬಸ್ ನಿಲ್ದಾಣದ ಧ್ವನಿವರ್ಧಕವನ್ನು ನೆನಪಿಸಿಕೊಳ್ಳಿ. ಘೋಷಣೆ ನಿಲ್ದಾಣಕ್ಕೆಲ್ಲ ಕೇಳಿಸುತ್ತದೆ, ಎದ್ದು ಹೊರಡುವವರು ಮಾತ್ರ ಆ ಬಸ್ಸಿಗೆಂದು ಕಾದವರು. ಹಾರ್ಮೋನೂ ರಕ್ತದಲ್ಲಿ ಎಲ್ಲೆಡೆ ಸುತ್ತುತ್ತದೆ, ಆದರೆ ಅದನ್ನು ಗುರುತಿಸುವ ಗ್ರಾಹಕಗಳಿರುವ ಜೀವಕೋಶಗಳು ಮಾತ್ರ ಸ್ಪಂದಿಸುತ್ತವೆ. ಹಾಗಾಗಿ ಪರಿಣಾಮ ಹೆಚ್ಚಿಸಲು ದೇಹಕ್ಕೆ ಎರಡು ದಾರಿಗಳಿವೆ. ಒಂದು, ಘೋಷಣೆಯ ದನಿ ಏರಿಸುವುದು. ಇನ್ನೊಂದು, ಕಿವಿಗೊಡುವವರ ಸಂಖ್ಯೆ ಹೆಚ್ಚಿಸುವುದು. ರಕ್ತಪರೀಕ್ಷೆಯಲ್ಲಿ ಕಾಣುವುದು ಮೊದಲನೆಯದು ಮಾತ್ರ. ಹೆರಿಗೆಯ ಭಾಗಕ್ಕೆ ಬಂದಾಗ ಇದು ಮತ್ತೆ ಬೇಕಾಗುತ್ತದೆ.

ಅಳತೆ ತೀರ ಸೂಕ್ಷ್ಮ. ಒಂದು ಗ್ರಾಮಿನ ನೂರು ಕೋಟಿಯಲ್ಲಿ ಒಂದು ಪಾಲು ನ್ಯಾನೊಗ್ರಾಂ, ಅದರ ಸಾವಿರದಲ್ಲಿ ಒಂದು ಪಾಲು ಪಿಕೊಗ್ರಾಂ. ಒಂದು ಮಿಲಿಲೀಟರ್ ರಕ್ತದಲ್ಲಿ ಇಂಥವು ಎಷ್ಟಿವೆ ಎಂಬುದೇ ಹಲವು ಹಾರ್ಮೋನ್ ವರದಿಗಳಲ್ಲಿರುವ ಸಂಖ್ಯೆ. ಎಚ್‌ಸಿಜಿಯಂಥವನ್ನು ಮಿಲಿ-ಯೂನಿಟ್ ಎಂಬ ಅಳತೆಯಲ್ಲಿ ಹೇಳುತ್ತಾರೆ.

ಇನ್ನು ವಾರದ ಲೆಕ್ಕ. ಬಸಿರಿನ 40 ವಾರಗಳನ್ನು ಎಣಿಸುವುದು ಕೊನೆಯ ಮುಟ್ಟಿನ ಮೊದಲ ದಿನದಿಂದ. ಎಂದರೆ ಮೊದಲ ಎರಡು ವಾರ ಆಕೆ ಬಸುರಿಯೇ ಆಗಿರುವುದಿಲ್ಲ! ವಿಚಿತ್ರವೆನಿಸಿದರೂ ಕಾರಣ ಸರಳ: ಮುಟ್ಟಾದ ದಿನ ನೆನಪಿರುತ್ತದೆ, ಅಂಡಾಣು ಹೊರಬಂದ ದಿನ ಯಾರಿಗೂ ಗೊತ್ತಿರುವುದಿಲ್ಲ. ಮುಟ್ಟು ತಪ್ಪಿತು ಎಂದು ಗೊತ್ತಾಗುವ ದಿನಕ್ಕೇ ಲೆಕ್ಕದಲ್ಲಿ ನಾಲ್ಕು ವಾರ ಕಳೆದಿರುತ್ತದೆ.

ಬಸಿರಿಗೆ ಮೊದಲು: ಮೆದುಳಿನ ಆಡಳಿತ

ಸಾಮಾನ್ಯ ತಿಂಗಳಿನಲ್ಲಿ ಎಲ್ಲವೂ ಮೆದುಳಿನ ಬುಡದಿಂದ ಶುರುವಾಗುತ್ತದೆ. ಅಲ್ಲಿರುವ ಹೈಪೊಥಲಾಮಸ್ ಗಂಟೆ, ಒಂದೂವರೆ ಗಂಟೆಗೊಮ್ಮೆ ಒಂದು ಸಂಕೇತವನ್ನು ಮಿಡಿಯುತ್ತದೆ. ಕೆಳಗೆ ಬಟಾಣಿ ಗಾತ್ರದ ಪಿಟ್ಯುಟರಿ ಗ್ರಂಥಿ ಆ ಮಿಡಿತಕ್ಕೆ ತಕ್ಕಂತೆ ಎಫ್‌ಎಸ್‌ಎಚ್ ಮತ್ತು ಎಲ್‌ಎಚ್ ಎಂಬ ಎರಡು ಹಾರ್ಮೋನುಗಳನ್ನು ಬಿಡುತ್ತದೆ. ಎಫ್‌ಎಸ್‌ಎಚ್ ಅಂಡಾಶಯದಲ್ಲಿ ಅಂಡಾಣುವನ್ನು ಹೊತ್ತ ಪುಟ್ಟ ಚೀಲಗಳಾದ ಕೆಲವು ಕೋಶಿಕೆಗಳನ್ನು ಬೆಳೆಸುತ್ತದೆ, ಅವುಗಳಲ್ಲಿ ಸಾಮಾನ್ಯವಾಗಿ ಒಂದು ಮಾತ್ರ ಮುಂದೆ ಬರುತ್ತದೆ. ಬೆಳೆಯುತ್ತಿರುವ ಕೋಶಿಕೆ ಎಸ್ಟ್ರಾಡಯಾಲ್ ತಯಾರಿಸುತ್ತದೆ. ಈಸ್ಟ್ರೋಜೆನ್ ಎಂದು ಕರೆಯುವ ಹಾರ್ಮೋನ್ ಕುಟುಂಬದಲ್ಲಿ ಇದೇ ಹೆಚ್ಚು ಪ್ರಬಲ.

ಇಲ್ಲೊಂದು ಚೆಂದದ ತಿರುವಿದೆ. ಎಸ್ಟ್ರಾಡಯಾಲ್ ಸ್ವಲ್ಪ ಏರಿದಾಗ ಮೆದುಳು ‘ಸಾಕು, ಸಾಕು’ ಎಂದು ತನ್ನ ಆದೇಶವನ್ನು ತಗ್ಗಿಸುತ್ತದೆ. ಆದರೆ ಅದೇ ಎಸ್ಟ್ರಾಡಯಾಲ್ 200 ಪಿಕೊಗ್ರಾಂ ದಾಟಿ ಸುಮಾರು ಎರಡು ದಿನ ಅಲ್ಲೇ ನಿಂತರೆ ಮೆದುಳಿನ ವರಸೆಯೇ ಬದಲಾಗುತ್ತದೆ. ಪಿಟ್ಯುಟರಿ ಒಮ್ಮೆಲೇ ಎಲ್‌ಎಚ್ ಅನ್ನು ಸುರಿಯುತ್ತದೆ. ಈ ಉಬ್ಬರ ಶುರುವಾದ 36 ಗಂಟೆಗಳ ಆಸುಪಾಸಿನಲ್ಲಿ ಕೋಶಿಕೆ ಒಡೆದು ಅಂಡಾಣು ಹೊರಬರುತ್ತದೆ.

ಒಡೆದ ಕೋಶಿಕೆ ವ್ಯರ್ಥವಾಗುವುದಿಲ್ಲ. ಅದರ ಗೋಡೆಯ ಜೀವಕೋಶಗಳು ಕೊಬ್ಬು ತುಂಬಿಕೊಂಡು ಹಳದಿಗಟ್ಟಿ, ಎರಡು ವಾರದ ಮಟ್ಟಿಗೆ ಒಂದು ತಾತ್ಕಾಲಿಕ ಗ್ರಂಥಿಯಾಗುತ್ತವೆ. ಲ್ಯಾಟಿನ್‌ನಲ್ಲಿ ಕಾರ್ಪಸ್ ಲೂಟಿಯಂ ಎಂದರೆ ಹಳದಿ ಕಾಯ. ಇದು ತಯಾರಿಸುವ ಮುಖ್ಯ ಸರಕು ಪ್ರೊಜೆಸ್ಟರಾನ್. ತಿಂಗಳ ಮೊದಲರ್ಧದಲ್ಲಿ 1 ನ್ಯಾನೊಗ್ರಾಮಿಗಿಂತ ಕೆಳಗಿದ್ದ ಪ್ರೊಜೆಸ್ಟರಾನ್ ಈಗ 5ರಿಂದ 20ರವರೆಗೆ ಏರುತ್ತದೆ. ಗರ್ಭಕೋಶದ ಒಳಪದರ ಮೆತ್ತಗಾಗಿ ಪೋಷಕಾಂಶ ತುಂಬಿಕೊಳ್ಳುತ್ತದೆ, ಮೈಯ ಶಾಖವೂ ಅರ್ಧ ಡಿಗ್ರಿ ಸೆಲ್ಸಿಯಸ್ಸಿನಷ್ಟು ಏರುತ್ತದೆ. ಅಂಡಾಣು ಫಲಿಸದಿದ್ದರೆ ಹಳದಿ ಕಾಯ ಸುಮಾರು 14 ದಿನಕ್ಕೆ ಬಾಡುತ್ತದೆ. ಪ್ರೊಜೆಸ್ಟರಾನ್ ಕುಸಿಯುತ್ತದೆ, ಒಳಪದರ ಕಳಚುತ್ತದೆ. ಅದೇ ಮುಟ್ಟು.

ಭ್ರೂಣದ ಮೊದಲ ಅರ್ಜಿ

ಫಲಿತಗೊಂಡ ಅಂಡಾಣುವಿನ ಮುಂದೆ ಈಗ ಗಡುವು ಇದೆ. ಗರ್ಭಕೋಶ ತಲುಪಿ ಬೇರೂರುವ ಹೊತ್ತಿಗೆ ಎಂಟು-ಹತ್ತು ದಿನ ಕಳೆದಿರುತ್ತದೆ. ಇನ್ನು ನಾಲ್ಕೈದು ದಿನದಲ್ಲಿ ಹಳದಿ ಕಾಯ ಸಾಯಲಿದೆ. ಅದು ಸತ್ತರೆ ಒಳಪದರ ಕಳಚುತ್ತದೆ, ಜೊತೆಗೆ ಭ್ರೂಣವೂ ಹೋಗುತ್ತದೆ. ‘ನಾನಿಲ್ಲಿದ್ದೇನೆ, ಅಂಗಡಿ ಮುಚ್ಚಬೇಡಿ’ ಎಂಬ ಅರ್ಜಿ ತಡಮಾಡದೆ ಹೋಗಬೇಕು. ಆ ಅರ್ಜಿಯೇ ಎಚ್‌ಸಿಜಿ. ಮುಂದೆ ಮಾಸು ಆಗಲಿರುವ ಹೊರಪದರದ ಜೀವಕೋಶಗಳು ಇದನ್ನು ತಾಯಿಯ ರಕ್ತಕ್ಕೆ ಬಿಡುತ್ತವೆ.

ಎಚ್‌ಸಿಜಿ ರಚನೆಯಲ್ಲಿ ಎರಡು ಸರಪಳಿಗಳಿವೆ. ಆಲ್ಫಾ ಸರಪಳಿ ಎಲ್‌ಎಚ್, ಎಫ್‌ಎಸ್‌ಎಚ್ ಮತ್ತು ಥೈರಾಯ್ಡನ್ನು ಚೋದಿಸುವ ಟಿಎಸ್‌ಎಚ್‌ಗಳಲ್ಲಿರುವುದೇ. ಬೀಟಾ ಸರಪಳಿ ಮಾತ್ರ ಇದರದೇ ಗುರುತು. ವರದಿಯಲ್ಲಿ ‘ಬೀಟಾ’ ಎಂದು ಬರೆಯುವುದು ಇದಕ್ಕಾಗಿ. ಎಲ್‌ಎಚ್‌ನ ವೇಷದಲ್ಲಿರುವ ಎಚ್‌ಸಿಜಿ ಹಳದಿ ಕಾಯದ ಅದೇ ಗ್ರಾಹಕಗಳನ್ನು ತಟ್ಟುತ್ತದೆ, ಹಳದಿ ಕಾಯ ಬಾಡುವುದನ್ನು ಬಿಟ್ಟು ಪ್ರೊಜೆಸ್ಟರಾನ್ ತಯಾರಿಕೆ ಮುಂದುವರಿಸುತ್ತದೆ. ಪಿಟ್ಯುಟರಿಯ ಅಧಿಕಾರ ಇಲ್ಲಿಗೆ ಮುಗಿಯಿತು. ಏರುತ್ತಿರುವ ಈಸ್ಟ್ರೋಜೆನ್ ಮತ್ತು ಪ್ರೊಜೆಸ್ಟರಾನ್‌ನಿಂದಾಗಿ ಎಫ್‌ಎಸ್‌ಎಚ್, ಎಲ್‌ಎಚ್ ಎರಡೂ ತಳ ಮುಟ್ಟಿ ಬಸಿರು ಮುಗಿಯುವವರೆಗೆ ಅಲ್ಲೇ ಇರುತ್ತವೆ.

ಮನೆಯಲ್ಲಿ ಮಾಡುವ ಪರೀಕ್ಷೆಯ ಪಟ್ಟಿಯನ್ನು ಹತ್ತಿರದಿಂದ ನೋಡೋಣ. ಮೂತ್ರ ತಾಗಿದ ತುದಿಯಲ್ಲಿ ಬಣ್ಣದ ಕಣಗಳಿಗೆ ಅಂಟಿಸಿದ ಪ್ರತಿಕಾಯಗಳಿವೆ. ಮೂತ್ರ ಕಾಗದದಲ್ಲಿ ಹೀರಿ ಮೇಲೇರುವಾಗ ಅವೂ ಜೊತೆಗೆ ಸಾಗುತ್ತವೆ. ದಾರಿಯಲ್ಲಿ ಎಚ್‌ಸಿಜಿ ಸಿಕ್ಕರೆ ಅದನ್ನು ಹಿಡಿದುಕೊಳ್ಳುತ್ತವೆ. ಮೊದಲ ಗೆರೆಯ ಜಾಗದಲ್ಲಿ ಕಾಯುತ್ತಿರುವ ಇನ್ನೊಂದು ಪ್ರತಿಕಾಯ ಆ ಎಚ್‌ಸಿಜಿಯ ಮತ್ತೊಂದು ಬದಿಯನ್ನು ಹಿಡಿಯುತ್ತದೆ, ಬಣ್ಣ ಅಲ್ಲಿ ಗುಂಪುಗೂಡಿ ಗೆರೆ ಮೂಡುತ್ತದೆ. ಎರಡನೆಯ ಗೆರೆ ಬಸಿರಿನ ಬಗ್ಗೆ ಏನೂ ಹೇಳುವುದಿಲ್ಲ. ಮೂತ್ರ ಅಲ್ಲಿಯವರೆಗೆ ಹರಿಯಿತು, ಪಟ್ಟಿ ಕೆಟ್ಟಿಲ್ಲ ಎಂಬುದಷ್ಟೇ ಅದರ ಸಾಕ್ಷಿ. ಮಿಲಿಲೀಟರಿಗೆ 25 ಮಿಲಿ-ಯೂನಿಟ್‌ನಷ್ಟು ಎಚ್‌ಸಿಜಿ ಇದ್ದರೆ ಸಾಮಾನ್ಯವಾಗಿ ಪಟ್ಟಿಗೆ ಸಿಕ್ಕಿಬೀಳುತ್ತದೆ. ಮುಟ್ಟು ತಪ್ಪುವ ಮೊದಲೇ ನೋಡಿ ‘ಇಲ್ಲ’ ಎಂದುಕೊಂಡವರಿಗೆ ವಾರದ ನಂತರ ‘ಇದೆ’ ಎಂದಾಗುವುದು ಈ ಮಿತಿಯಿಂದಲೇ.

ಹಿಂದೆ ಈ ಪಟ್ಟಿಯ ಕೆಲಸ ಮಾಡುತ್ತಿದ್ದುದು ಪ್ರಾಣಿಗಳು. 1920ರ ದಶಕದ ಕೊನೆಯಲ್ಲಿ ಬರ್ಲಿನ್ನಿನ ಸೆಲ್ಮಾರ್ ಆಶ್‌ಹೈಮ್ ಮತ್ತು ಬೆರ್ನ್‌ಹಾರ್ಡ್ ಝೊಂಡೆಕ್ ಮಹಿಳೆಯ ಮೂತ್ರವನ್ನು ಎಳೆಯ ಇಲಿಗಳಿಗೆ ಚುಚ್ಚಿ, ಕೆಲವು ದಿನಗಳ ಬಳಿಕ ಇಲಿಯನ್ನು ಕೊಯ್ದು ಅಂಡಾಶಯ ನೋಡುತ್ತಿದ್ದರು. ಅದರ ನಂತರ ಆಫ್ರಿಕಾದ ಒಂದು ಜಾತಿಯ ಕಪ್ಪೆ ಬಂತು. ಬಸುರಿಯ ಮೂತ್ರ ಚುಚ್ಚಿದರೆ ಅದು ಒಂದು ದಿನದೊಳಗೆ ಮೊಟ್ಟೆ ಇಡುತ್ತಿತ್ತು, ಸಾಯಬೇಕಾಗಿಯೂ ಇರಲಿಲ್ಲ. ಎಚ್‌ಸಿಜಿ ಎಲ್‌ಎಚ್‌ನ ವೇಷ ಹಾಕುವುದು ಕಪ್ಪೆಯನ್ನೂ ಮೋಸಗೊಳಿಸುವಷ್ಟು ಚೆನ್ನಾಗಿ!

ಮೊದಲ ವಾರಗಳಲ್ಲಿ ಎಚ್‌ಸಿಜಿ ಎರಡರಿಂದ ಮೂರು ದಿನಕ್ಕೊಮ್ಮೆ ಇಮ್ಮಡಿಯಾಗುತ್ತದೆ. 8ರಿಂದ 11ನೆಯ ವಾರದ ನಡುವೆ ಒಂದು ಲಕ್ಷ ಮಿಲಿ-ಯೂನಿಟ್‌ಗಳ ಆಸುಪಾಸಿನಲ್ಲಿ ಶಿಖರ ಮುಟ್ಟಿ, 20ನೆಯ ವಾರದ ಹೊತ್ತಿಗೆ ಅದರ ಶೇಕಡಾ ಹತ್ತು-ಇಪ್ಪತ್ತರಷ್ಟಕ್ಕೆ ಇಳಿದು ನಿಲ್ಲುತ್ತದೆ. ಶಿಖರದ ನಂತರ ಇಳಿಯುತ್ತಿರುವ ಅಂಕಿ ನೋಡಿ ಗಾಬರಿಪಡಬೇಕಾಗಿಲ್ಲ, ಅರ್ಜಿ ಮಂಜೂರಾಗಿ ಆಗಿರುತ್ತದೆ. ಮೊದಲ ವಾರಗಳಲ್ಲಿ ಎರಡು ದಿನದ ಅಂತರದಲ್ಲಿ ಏರಿಕೆ ತೀರ ನಿಧಾನವಾಗಿದ್ದರೆ ವೈದ್ಯರು ಹುಷಾರಾಗುತ್ತಾರೆ. ಭ್ರೂಣ ಗರ್ಭಕೋಶದ ಹೊರಗೆ ಬೇರೂರಿರಬಹುದು ಅಥವಾ ಬಸಿರು ನಿಲ್ಲದೆ ಹೋಗುತ್ತಿರಬಹುದು. ಅದನ್ನು ತೀರ್ಮಾನಿಸುವುದು ಅಂಕಿಯೊಂದೇ ಅಲ್ಲ, ಸ್ಕ್ಯಾನ್ ಬೇಕು. ಗೆಳತಿಯ ಎರಡನೆಯ ವರದಿಯಲ್ಲಿ 455 ಇತ್ತು. 212 ಎಂಬ ಅಂಕಿಗೆ ಅರ್ಥ ಬಂದದ್ದು ಆಗ.

ಎಚ್‌ಸಿಜಿಯ ವೇಷಕ್ಕೆ ಇನ್ನೊಂದು ಗಿರಾಕಿಯೂ ಉಂಟು. ಟಿಎಸ್‌ಎಚ್‌ಗೂ ಇದಕ್ಕೂ ಹೋಲಿಕೆ ಇರುವುದರಿಂದ ಅದು ಥೈರಾಯ್ಡ್ ಗ್ರಂಥಿಯನ್ನೂ ಅಷ್ಟಿಷ್ಟು ಚುರುಕುಗೊಳಿಸುತ್ತದೆ. ಎಚ್‌ಸಿಜಿ ಶಿಖರದಲ್ಲಿರುವಾಗ ಟಿಎಸ್‌ಎಚ್ ತಗ್ಗುವುದು ಇದರಿಂದ. ಮೊದಲ ಮೂರು ತಿಂಗಳ ಟಿಎಸ್‌ಎಚ್ ವರದಿಯನ್ನು ಬಸುರಿಯಲ್ಲದವರ ಅಳತೆಗೋಲಿನಲ್ಲಿ ಓದಿದರೆ ತಪ್ಪಾಗುತ್ತದೆ. ಭ್ರೂಣದ ಥೈರಾಯ್ಡ್ ಕೆಲಸಕ್ಕೆ ಇಳಿಯುವುದು ಮೂರನೆಯ ತಿಂಗಳ ಕೊನೆಗೆ, ಅಲ್ಲಿಯವರೆಗೆ ಅದರ ಮೆದುಳಿಗೆ ಬೇಕಾದ ಥೈರಾಯ್ಡ್ ಹಾರ್ಮೋನ್ ಥೈರಾಕ್ಸಿನ್ ತಾಯಿಯದೇ. ಮೊದಲಿನಿಂದ ಥೈರಾಯ್ಡ್ ಮಾತ್ರೆ ನುಂಗುವವರಿಗೆ ಬಸಿರು ನಿಂತ ಕೂಡಲೇ ವೈದ್ಯರು ಪ್ರಮಾಣ ಹೆಚ್ಚಿಸುವುದೂ ಇದಕ್ಕೇ.

ಏಳರಿಂದ ಒಂಬತ್ತನೆಯ ವಾರ: ಸದ್ದಿಲ್ಲದ ಹಸ್ತಾಂತರ

ಹಳದಿ ಕಾಯ ಚಿಕ್ಕ ಕಾರ್ಖಾನೆ. ಬೆಳೆಯುವ ಬಸಿರಿಗೆ ಅದರ ಉತ್ಪಾದನೆ ಸಾಲದು. ಅಷ್ಟರಲ್ಲಿ ಮಾಸು ತಾನೇ ಪ್ರೊಜೆಸ್ಟರಾನ್ ತಯಾರಿಸುವಷ್ಟು ಬಲಿತಿರುತ್ತದೆ. ಈ ಹಸ್ತಾಂತರ ಯಾವಾಗ ನಡೆಯುತ್ತದೆ ಎಂಬುದು ತಿಳಿದದ್ದು 1970ರ ದಶಕದ ಆರಂಭದಲ್ಲಿ ಅರ್ಪಾದ್ ಚಾಪೊ ಮತ್ತು ಸಂಗಡಿಗರು ನಡೆಸಿದ ಅಧ್ಯಯನಗಳಿಂದ. ಬಸಿರನ್ನು ಮುಂದುವರಿಸಲು ಬಯಸದ ಮಹಿಳೆಯರಲ್ಲಿ ಹಳದಿ ಕಾಯವನ್ನು ತೆಗೆದಾಗ, ಏಳನೆಯ ವಾರಕ್ಕೆ ಮೊದಲಾದರೆ ಬಸಿರು ಇಳಿಯುತ್ತಿತ್ತು. ಒಂಬತ್ತನೆಯ ವಾರ ದಾಟಿದ್ದರೆ ಪ್ರೊಜೆಸ್ಟರಾನ್ ಕೊಂಚ ಕುಗ್ಗಿ ಮತ್ತೆ ಚೇತರಿಸಿಕೊಳ್ಳುತ್ತಿತ್ತು. ಕೆಲವು ಚಿಕಿತ್ಸೆಗಳಲ್ಲಿ ಮೊದಲ ವಾರಗಳಿಗೆ ಮಾತ್ರ ಪ್ರೊಜೆಸ್ಟರಾನ್ ಕೊಟ್ಟು ಆಮೇಲೆ ನಿಲ್ಲಿಸುವುದರ ಹಿಂದೆ ಇದೇ ತರ್ಕವಿದೆ.

ಮಾಸು ಎಂಬ ಕಾರ್ಖಾನೆ

ಆಡುಮಾತಿನಲ್ಲಿ ಮಾಸುವಿಗೆ ‘ಕಸ’ ಎಂಬ ಹೆಸರೂ ಇದೆ. ಹೆರಿಗೆಯಾದ ಮೇಲೆ ಹೊರಬೀಳುವ ವಸ್ತು ಎಂಬಷ್ಟೇ ಅರ್ಥದಲ್ಲಿ ಹುಟ್ಟಿದ ಹೆಸರು. ತಿಂಗಳುಗಟ್ಟಲೆ ದುಡಿದ ಅಂಗಕ್ಕೆ ಇದು ತುಸು ಅನ್ಯಾಯವೇ. ಶ್ವಾಸಕೋಶ, ಮೂತ್ರಪಿಂಡ, ಕರುಳಿನ ಕೆಲಸಗಳನ್ನೆಲ್ಲ ಭ್ರೂಣಕ್ಕಾಗಿ ಮಾಡುತ್ತಲೇ ಮಾಸು ದೇಹದ ಅತಿ ದೊಡ್ಡ ಹಾರ್ಮೋನ್ ಗ್ರಂಥಿಯೂ ಆಗಿರುತ್ತದೆ.

ತಾಯಿಯ ರಕ್ತದ ಕೊಲೆಸ್ಟರಾಲ್ ಬಳಸಿ ಅದು ತುಂಬುದಿನಗಳಲ್ಲಿ ದಿನಕ್ಕೆ ಸುಮಾರು 250 ಮಿಲಿಗ್ರಾಂ ಪ್ರೊಜೆಸ್ಟರಾನ್ ತಯಾರಿಸುತ್ತದೆ. ರಕ್ತದಲ್ಲಿ ಅದರ ಮಟ್ಟ 100ರಿಂದ 200 ನ್ಯಾನೊಗ್ರಾಂ, ಎಂದರೆ ಬಸಿರಿಗೆ ಮೊದಲಿನ ಅತಿ ಹೆಚ್ಚಿನ ಮಟ್ಟದ ಸುಮಾರು ಹತ್ತು ಪಟ್ಟು. ಇದರ ಮುಖ್ಯ ಕೆಲಸ ಗರ್ಭಕೋಶದ ಸ್ನಾಯುವನ್ನು ಸುಮ್ಮನಿರಿಸುವುದು. ಆದರೆ ಘೋಷಣೆ ಇಡೀ ನಿಲ್ದಾಣಕ್ಕೆ ಕೇಳಿಸುತ್ತದಲ್ಲವೇ? ಕರುಳಿನ ಸ್ನಾಯುವೂ ಸಡಿಲವಾಗಿ ಮಲಬದ್ಧತೆ ಬರುತ್ತದೆ. ಹೊಟ್ಟೆಗೂ ಅನ್ನನಾಳಕ್ಕೂ ನಡುವಿನ ಬಿಗಿ ಸಡಿಲಗೊಂಡು ಎದೆಯುರಿ ಕಾಡುತ್ತದೆ. ಉಸಿರಾಟದ ಕೇಂದ್ರವನ್ನು ಪ್ರೊಜೆಸ್ಟರಾನ್ ಎಚ್ಚರಿಸುವುದರಿಂದ ಹೊಟ್ಟೆ ಇನ್ನೂ ಕಾಣಿಸದ ತಿಂಗಳಲ್ಲೇ ಮೆಟ್ಟಿಲು ಹತ್ತಿದರೆ ಏದುಸಿರು ಬಂದಂತಾಗುತ್ತದೆ.

ಈಸ್ಟ್ರೋಜೆನ್‌ನ ಕಥೆ ಇದಕ್ಕಿಂತ ಸ್ವಾರಸ್ಯದ್ದು. ಮಾಸುವಿಗೆ ಇದನ್ನು ಮೊದಲಿನಿಂದ ಕೊನೆಯವರೆಗೆ ತಾನೊಬ್ಬನೇ ಮಾಡಲು ಬರುವುದಿಲ್ಲ, ಅದಕ್ಕೆ ಬೇಕಾದ ಒಂದು ಕಿಣ್ವ ಅದರ ಬಳಿ ಇಲ್ಲ. ಆದ್ದರಿಂದ ಕಚ್ಚಾ ಸರಕು ಭ್ರೂಣದಿಂದ ಬರಬೇಕು. ಭ್ರೂಣದ ಮೂತ್ರಪಿಂಡಗಳ ಮೇಲೆ ಕುಳಿತ ಅಡ್ರಿನಲ್ ಗ್ರಂಥಿ ಅದರ ಮೈಗಾತ್ರಕ್ಕೆ ಹೋಲಿಸಿದರೆ ಬೃಹದಾಕಾರದ್ದು. ಅದು ಡಿಎಚ್‌ಇಎ-ಸಲ್ಫೇಟ್ ಎಂಬ ವಸ್ತುವನ್ನು ತಯಾರಿಸಿ ಕಳಿಸುತ್ತದೆ, ಭ್ರೂಣದ ಯಕೃತ್ತು ಅದಕ್ಕೆ ಒಂದು ತಿದ್ದುಪಡಿ ಮಾಡುತ್ತದೆ, ಮಾಸು ಕೊನೆಯ ಹಂತ ಮುಗಿಸಿ ಎಸ್ಟ್ರಿಯಾಲ್ ಎಂಬ ಈಸ್ಟ್ರೋಜೆನ್ ಆಗಿ ತಾಯಿಯ ರಕ್ತಕ್ಕೆ ಬಿಡುತ್ತದೆ. ನೂಲುವವರು, ಬಣ್ಣ ಹಾಕುವವರು, ನೇಯುವವರು ಬೇರೆ ಬೇರೆ ಮನೆಗಳಲ್ಲಿದ್ದು ಒಂದು ಸೀರೆ ಆಗುವ ಹಾಗೆ. ಬಸುರಿಯಲ್ಲದವರಲ್ಲಿ ಎಸ್ಟ್ರಿಯಾಲ್ ಇದ್ದೂ ಇಲ್ಲದ ಹಾಗೆ ಇರುತ್ತದೆ, ತುಂಬುದಿನಗಳಲ್ಲಿ ಅದು ಸಾವಿರ ಪಟ್ಟಿನಷ್ಟು ಏರುತ್ತದೆ. ಮುಟ್ಟಿನ ಚಕ್ರದ ನಡುವೆ ಕೆಲವು ನೂರು ಪಿಕೊಗ್ರಾಂ ಇದ್ದ ಎಸ್ಟ್ರಾಡಯಾಲ್ ಕೂಡ ಹತ್ತು ಸಾವಿರ ದಾಟುತ್ತದೆ. ಸ್ಕ್ಯಾನ್ ಬಳಕೆಗೆ ಬರುವ ಮುನ್ನ ವೈದ್ಯರು ತಾಯಿಯ ಮೂತ್ರದ ಎಸ್ಟ್ರಿಯಾಲ್ ಅಳೆದು ಒಳಗಿರುವ ಮಗು ಹೇಗಿದೆ ಎಂದು ಊಹಿಸುತ್ತಿದ್ದರು. ಮಗುವೇ ಕಚ್ಚಾ ಸರಕು ಕೊಡುತ್ತಿರುವುದರಿಂದ ಆ ಊಹೆಗೆ ಆಧಾರವಿತ್ತು.

ಇಷ್ಟೊಂದು ಈಸ್ಟ್ರೋಜೆನ್ ಏಕೆ? ಗರ್ಭಕೋಶ ಹಿಗ್ಗಲು, ಅದಕ್ಕೆ ಹರಿಯುವ ರಕ್ತ ಹೆಚ್ಚಲು, ಎದೆಯ ಹಾಲುನಾಳಗಳು ಕವಲೊಡೆಯಲು ಅದು ಬೇಕು. ಪಿಟ್ಯುಟರಿಯಲ್ಲಿ ಪ್ರೊಲ್ಯಾಕ್ಟಿನ್ ತಯಾರಿಸುವ ಜೀವಕೋಶಗಳನ್ನೂ ಅದೇ ಹೆಚ್ಚಿಸುತ್ತದೆ, ಇದರಿಂದ ಆ ಗ್ರಂಥಿ ಮೂರನೆಯ ಒಂದು ಭಾಗದಷ್ಟು ಊದಿಕೊಳ್ಳುತ್ತದೆ. ಹಾಲಿನ ಹಾರ್ಮೋನಾದ ಪ್ರೊಲ್ಯಾಕ್ಟಿನ್ 10-20 ನ್ಯಾನೊಗ್ರಾಮಿನಿಂದ 200ರ ಆಸುಪಾಸಿಗೆ ಏರುತ್ತದೆ. ಹಾಗಿದ್ದರೆ ಎಂಟನೆಯ ತಿಂಗಳಲ್ಲೇ ಹಾಲು ಏಕೆ ಸುರಿಯುವುದಿಲ್ಲ? ಪ್ರೊಜೆಸ್ಟರಾನ್ ಬಾಗಿಲಿಗೆ ಅಡ್ಡ ನಿಂತಿರುತ್ತದೆ. ಇದನ್ನು ನೆನಪಿನಲ್ಲಿಡಿ.

ಮಾಸು ಬಿಡುವ ಇನ್ನೊಂದು ಹಾರ್ಮೋನ್, ಪ್ಲಾಸೆಂಟಲ್ ಲ್ಯಾಕ್ಟೋಜೆನ್. ಮಾಸು ದಪ್ಪಗಾದ ಹಾಗೆಲ್ಲ ಇದೂ ಏರುತ್ತ ಹೋಗುತ್ತದೆ. ತಾಯಿಯ ದೇಹ ಸಕ್ಕರೆಯನ್ನು ತಾನೇ ಖಾಲಿ ಮಾಡದೆ ಮಗುವಿಗೂ ಉಳಿಸುವಂತೆ ನೋಡಿಕೊಳ್ಳುವವರಲ್ಲಿ ಇದೂ ಒಬ್ಬರು. ಇದರ ಸಂಗಡ ಕಾರ್ಟಿಸಾಲ್, ಪ್ರೊಜೆಸ್ಟರಾನ್‌ಗಳೂ ಸೇರಿ ಇನ್ಸುಲಿನ್‌ನ ಮಾತು ಮೊದಲಿನಷ್ಟು ನಡೆಯದಂತೆ ಮಾಡುತ್ತವೆ. ಮೇದೋಜೀರಕ ಗ್ರಂಥಿ ಎರಡು-ಮೂರು ಪಟ್ಟು ಇನ್ಸುಲಿನ್ ಸುರಿಸಿ ಸರಿದೂಗಿಸುತ್ತದೆ. ಅದಕ್ಕೆ ಆಗದಿದ್ದಾಗ ಕಾಣಿಸಿಕೊಳ್ಳುವುದೇ ಗರ್ಭಾವಸ್ಥೆಯ ಮಧುಮೇಹ. ಸಕ್ಕರೆಯ ನೀರು ಕುಡಿಸಿ ಮಾಡುವ ಪರೀಕ್ಷೆಯನ್ನು ಸಾಮಾನ್ಯವಾಗಿ 24ರಿಂದ 28ನೆಯ ವಾರದಲ್ಲಿ ಇಟ್ಟುಕೊಳ್ಳುವುದು ಈ ಒತ್ತಡ ಆಗ ಜೋರಾಗುವುದರಿಂದ. ಹೆಚ್ಚಿನವರಲ್ಲಿ ಮಾಸು ಹೋದೊಡನೆ ಸಕ್ಕರೆಯೂ ಇಳಿಯುತ್ತದೆ.

ರಿಲ್ಯಾಕ್ಸಿನ್ ಬಗ್ಗೆ ಒಂದೇ ಮಾತು. ಹೆರಿಗೆ ಹತ್ತಿರವಾದಂತೆ ಅದು ಏರಿ ಸೊಂಟದ ಕೀಲುಗಳನ್ನು ಸಡಿಲಿಸುತ್ತದೆ ಎಂದು ಎಲ್ಲೆಡೆ ಬರೆಯುತ್ತಾರೆ. ಮನುಷ್ಯರಲ್ಲಿ ಅದರ ಶಿಖರ ಮೂರನೆಯ ತಿಂಗಳ ಹೊತ್ತಿಗೇ ಮುಗಿದಿರುತ್ತದೆ.

ವಾಕರಿಕೆ ಯಾರ ಕೆಲಸ?

ಬಹಳ ಕಾಲ ಆಪಾದನೆ ಎಚ್‌ಸಿಜಿಯ ಮೇಲಿತ್ತು, ಎರಡರ ಶಿಖರವೂ ಒಂದೇ ಹೊತ್ತಿಗೆ ಬರುವುದರಿಂದ. 2023ರಲ್ಲಿ ಪ್ರಕಟವಾದ ಸಂಶೋಧನೆ ಜಿಡಿಎಫ್15 ಎಂಬ ಇನ್ನೊಂದು ಹಾರ್ಮೋನಿನತ್ತ ಬೊಟ್ಟು ಮಾಡಿತು. ಬಸಿರಿನಲ್ಲಿ ಇದರ ಬಹುಪಾಲು ಭ್ರೂಣ ಮತ್ತು ಮಾಸುವಿನಿಂದ ಬರುತ್ತದೆ, ಮೆದುಳಿನ ವಾಂತಿ ಕೇಂದ್ರದ ಬಳಿ ಕೆಲಸ ಮಾಡುತ್ತದೆ. ಗಮನಿಸಬೇಕಾದದ್ದು ಇದು: ಬಸಿರಿಗೆ ಮೊದಲು ಯಾರ ರಕ್ತದಲ್ಲಿ ಜಿಡಿಎಫ್15 ಕಡಿಮೆ ಇತ್ತೋ ಅವರಿಗೆ ತೀವ್ರ ವಾಂತಿಯ ಅಪಾಯ ಹೆಚ್ಚು. ಮೊದಲಿನಿಂದ ಖಾರ ತಿನ್ನುವವರ ನಾಲಿಗೆ ಒಂದು ಮೆಣಸಿನಕಾಯಿಗೆ ಬೆದರುವುದಿಲ್ಲ, ರೂಢಿಯಿಲ್ಲದವರಿಗೆ ಅದೇ ಒಂದು ಕಾಯಿ ಕಣ್ಣೀರು ತರಿಸುತ್ತದೆ. ‘ಎಲ್ಲ ನಿನ್ನ ಮನಸ್ಸಿನ ಭ್ರಮೆ’ ಎಂದು ಹೇಳಿಸಿಕೊಂಡ ಎಷ್ಟೋ ಮಹಿಳೆಯರಿಗೆ ಈ ಉತ್ತರ ತಡವಾಗಿ ಸಿಕ್ಕಿದೆ.

ಬೇನೆ: ದನಿ ಅದೇ, ಕಿವಿಗಳು ಹೆಚ್ಚು

ಕುರಿಯಲ್ಲಿ ಹೆರಿಗೆಗೆ ಮುನ್ನ ಪ್ರೊಜೆಸ್ಟರಾನ್ ಧುಮುಕುತ್ತದೆ, ಗರ್ಭಕೋಶ ಎಚ್ಚರಗೊಳ್ಳುತ್ತದೆ. ಮನುಷ್ಯರಲ್ಲೂ ಹಾಗೇ ಇರಬೇಕೆಂದು ಹುಡುಕಿದವರಿಗೆ ಆ ಕುಸಿತ ಸಿಗಲಿಲ್ಲ. ಬೇನೆ ಬಂದಾಗಲೂ ತಾಯಿಯ ರಕ್ತದಲ್ಲಿ ಪ್ರೊಜೆಸ್ಟರಾನ್ ತುಂಬಿಯೇ ಇರುತ್ತದೆ. ಬದಲಾಗುವುದು ಗ್ರಾಹಕಗಳು. ಗರ್ಭಕೋಶದ ಸ್ನಾಯು ಪ್ರೊಜೆಸ್ಟರಾನ್‌ನ ‘ಸುಮ್ಮನಿರು’ ಎಂಬ ಮಾತಿಗೆ ಕಿವುಡಾಗುತ್ತದೆ. ಅದೇ ಹೊತ್ತಿಗೆ, ಗರ್ಭಕೋಶವನ್ನು ಬಿಗಿಸುವ ಹಾರ್ಮೋನಾದ ಆಕ್ಸಿಟೋಸಿನ್‌ನ ಗ್ರಾಹಕಗಳು ಹಲವು ಪಟ್ಟು ಹೆಚ್ಚಾಗುತ್ತವೆ. ರಕ್ತದಲ್ಲಿ ಆಕ್ಸಿಟೋಸಿನ್ ಹೆಚ್ಚೇನೂ ಏರದಿದ್ದರೂ ಸ್ನಾಯು ಬಿಗಿಯತೊಡಗುತ್ತದೆ. ಮೊದಲು ಹೇಳಿದ ಬಸ್ ನಿಲ್ದಾಣದಲ್ಲಿ ಘೋಷಣೆಯ ದನಿ ಅಷ್ಟೇ ಇದೆ, ಆ ಬಸ್ಸಿಗೆ ಕಾದವರು ಸಾವಿರ ಮಂದಿ ಆಗಿದ್ದಾರೆ.

ಮಾಸು ಬಿಡುವ ಸಿಆರ್‌ಎಚ್ ಎಂಬ ಹಾರ್ಮೋನೂ ಕೊನೆಯ ವಾರಗಳಲ್ಲಿ ಕಡಿದಾಗಿ ಏರುತ್ತದೆ. ಅವಧಿಗೆ ಮುಂಚೆ ಹೆರುವವರಲ್ಲಿ ಈ ಏರಿಕೆ ಬೇಗ ಶುರುವಾಗುವುದನ್ನು 1995ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿದ ಮೇಲೆ ಇದನ್ನು ‘ಮಾಸುವಿನ ಗಡಿಯಾರ’ ಎಂದು ಕರೆಯಲಾಯಿತು. ಅದು ಭ್ರೂಣದ ಅಡ್ರಿನಲ್ ಗ್ರಂಥಿಯನ್ನು ಚುರುಕುಗೊಳಿಸುತ್ತದೆ. ಅಲ್ಲಿಂದ ಬರುವ ಕಾರ್ಟಿಸಾಲ್ ಮಗುವಿನ ಶ್ವಾಸಕೋಶವನ್ನು ಗಾಳಿಗೆ ಅಣಿಗೊಳಿಸುತ್ತದೆ.

ಬೇನೆ ಕಟ್ಟಿದ ಮೇಲೆ ಮಗುವಿನ ತಲೆ ಗರ್ಭಕೋಶದ ಕೊರಳನ್ನು ಒತ್ತುತ್ತದೆ, ಆ ಒತ್ತಡದ ಸುದ್ದಿ ಮೆದುಳಿಗೆ ಹೋಗುತ್ತದೆ, ಆಕ್ಸಿಟೋಸಿನ್ ಇನ್ನಷ್ಟು ಬರುತ್ತದೆ, ಒತ್ತಡ ಇನ್ನಷ್ಟು ಹೆಚ್ಚುತ್ತದೆ. ಸಾಮಾನ್ಯವಾಗಿ ಏರಿದ್ದನ್ನು ಇಳಿಸುವ ದೇಹ ಇಲ್ಲಿ ಏರಿದ್ದನ್ನು ಇನ್ನೂ ಏರಿಸುತ್ತದೆ. ಮಗು ಹೊರಬಂದಾಗಲೇ ಈ ಸುತ್ತು ಕಡಿಯುವುದು. ಬೇನೆ ಸಾಲದಾದಾಗ ಹನಿಹನಿಯಾಗಿ ಕೊಡುವ ಔಷಧವೂ ಆಕ್ಸಿಟೋಸಿನ್ನೇ. ವಿನ್ಸೆಂಟ್ ಡು ವಿನ್ಯೋ ಅದನ್ನು 1953ರಲ್ಲಿ ಪ್ರಯೋಗಾಲಯದಲ್ಲಿ ಸೃಷ್ಟಿಸಿ 1955ರ ರಸಾಯನಶಾಸ್ತ್ರದ ನೊಬೆಲ್ ಪಡೆದರು.

ಹೆರಿಗೆಯ ನಂತರ: ಒಂದೇ ದಿನದ ಇಳಿಜಾರು

ಮಗುವಿನ ಹಿಂದೆ ಮಾಸು ಹೊರಬೀಳುತ್ತದೆ. ಒಂಬತ್ತು ತಿಂಗಳು ಮೆಟ್ಟಿಲು ಮೆಟ್ಟಿಲಾಗಿ ಏರಿದ್ದು ಈಗ ಒಮ್ಮೆಗೇ ಇಳಿಯುತ್ತದೆ. ಪ್ಲಾಸೆಂಟಲ್ ಲ್ಯಾಕ್ಟೋಜೆನ್ ಒಂದು ದಿನದೊಳಗೆ ಕಾಣೆಯಾಗುತ್ತದೆ. ಈಸ್ಟ್ರೋಜೆನ್ ಮತ್ತು ಪ್ರೊಜೆಸ್ಟರಾನ್ ಮೊದಲ ಒಂದೆರಡು ದಿನದಲ್ಲೇ ಬಹುಪಾಲು ಕುಸಿದು ವಾರದೊಳಗೆ ಬಸಿರಿಗೆ ಮೊದಲಿನ ಮಟ್ಟಕ್ಕೆ ಬರುತ್ತವೆ. ಎಚ್‌ಸಿಜಿಗೆ ಮಾತ್ರ ಕೆಲವು ವಾರ ಬೇಕು. ಹೆರಿಗೆಯಾದ ಹತ್ತು ದಿನಕ್ಕೆ ಯಾರಾದರೂ ಮನೆಯ ಪರೀಕ್ಷೆ ಮಾಡಿದರೆ ಗೆರೆ ಮೂಡಬಹುದು, ಅದು ಹಳೆಯ ಬಸಿರಿನ ಬಾಕಿ.

ಪ್ರೊಜೆಸ್ಟರಾನ್ ಬಾಗಿಲಿನಿಂದ ಸರಿದದ್ದೇ ಹಾಲಿಗೆ ಸೂಚನೆ. ಎರಡು-ಮೂರು ದಿನದಲ್ಲಿ ಎದೆ ತುಂಬಿ ಬಿಗಿಯುತ್ತದೆ. ಅಲ್ಲಿಯವರೆಗೆ ಮಗುವಿಗೆ ಸಿಗುವುದು ಗಟ್ಟಿಯಾದ, ಸ್ವಲ್ಪವೇ ಬರುವ ಮೊದಲ ಹಾಲು. ಮಾಸುವಿನ ಚೂರೊಂದು ಒಳಗೇ ಉಳಿದುಬಿಟ್ಟರೆ ಪ್ರೊಜೆಸ್ಟರಾನ್ ಪೂರ್ತಿ ಇಳಿಯದೆ ಹಾಲು ತಡವಾಗಬಹುದು. ಹಾಗಾಗಿ ‘ಹಾಲು ಇಳಿಯಲಿಲ್ಲ’ ಎಂಬ ದೂರನ್ನು ಅನುಭವಿ ದಾದಿಯರು ಹಗುರವಾಗಿ ತೆಗೆದುಕೊಳ್ಳುವುದಿಲ್ಲ.

ಇದೇ ದಿನಗಳಲ್ಲಿ, ಹೆಚ್ಚಾಗಿ ಮೂರರಿಂದ ಐದನೆಯ ದಿನ, ಅರ್ಧಕ್ಕಿಂತ ಹೆಚ್ಚು ಬಾಣಂತಿಯರಿಗೆ ಕಾರಣವಿಲ್ಲದೆ ಅಳು ಬರುತ್ತದೆ. ಮಗು ಚೆನ್ನಾಗಿದೆ, ಸುತ್ತ ಜನ ಇದ್ದಾರೆ, ಆದರೂ ಕಣ್ಣು ತುಂಬುತ್ತದೆ. ಎರಡು ವಾರದೊಳಗೆ ಇದು ತಾನಾಗಿ ಸರಿಯುತ್ತದೆ. ಅಷ್ಟರಲ್ಲಿ ಸರಿಯದಿದ್ದರೆ, ನಿದ್ದೆ ಬಾರದಿದ್ದರೆ, ಮಗುವಿನ ಮೇಲೆ ಅಥವಾ ತನ್ನ ಮೇಲೆ ಕೆಟ್ಟ ಯೋಚನೆಗಳು ಬರುತ್ತಿದ್ದರೆ ಅದು ಖಿನ್ನತೆಯಾಗಿರಬಹುದು, ಚಿಕಿತ್ಸೆ ಬೇಕಾಗುತ್ತದೆ. ಕೆಟ್ಟ ಯೋಚನೆ ಬಂದರೆ ಎರಡು ವಾರ ಕಾಯದೆ ಅಂದೇ ವೈದ್ಯರ ಬಳಿ ಹೋಗಬೇಕು.

ಹಾರ್ಮೋನ್ ಕುಸಿತ ಎಲ್ಲ ಬಾಣಂತಿಯರಲ್ಲೂ ಆಗುತ್ತದೆ, ಖಿನ್ನತೆ ಕೆಲವರಿಗೆ ಮಾತ್ರ ಏಕೆ? 2000ನೆಯ ಇಸವಿಯಲ್ಲಿ ಪ್ರಕಟವಾದ ಚಿಕ್ಕ ಪ್ರಯೋಗವೊಂದು ಇದನ್ನೇ ಕೇಳಿತು. ಬಸುರಿಯರಲ್ಲದ 16 ಮಹಿಳೆಯರಿಗೆ ಹಾರ್ಮೋನ್ ಕೊಟ್ಟು ಬಸಿರಿನಂಥ ಮಟ್ಟಕ್ಕೆ ಏರಿಸಿ, ಅವರಿಗೆ ತಿಳಿಯದಂತೆ ನಿಲ್ಲಿಸಲಾಯಿತು. ಹಿಂದೆ ಹೆರಿಗೆಯ ನಂತರ ಖಿನ್ನತೆ ಅನುಭವಿಸಿದ್ದ ಎಂಟು ಮಂದಿಯಲ್ಲಿ ಐವರ ಮನಸ್ಸು ಗಣನೀಯವಾಗಿ ಕುಗ್ಗಿತು. ಆ ಇತಿಹಾಸವಿಲ್ಲದ ಎಂಟು ಮಂದಿಯಲ್ಲಿ ಒಬ್ಬರಿಗೂ ಆಗಲಿಲ್ಲ. ಕುಸಿತದ ಪ್ರಮಾಣ ಎರಡೂ ಗುಂಪಿನಲ್ಲಿ ಒಂದೇ, ಅದನ್ನು ತಾಳುವ ಮೆದುಳು ಬೇರೆ ಬೇರೆ. ಪ್ರೊಜೆಸ್ಟರಾನ್‌ನಿಂದ ಹುಟ್ಟಿ ಮೆದುಳನ್ನು ಶಾಂತಗೊಳಿಸುವ ಅಲೊಪ್ರೆಗ್ನನೊಲೋನ್ ಎಂಬ ವಸ್ತುವೂ ಹೆರಿಗೆಯೊಡನೆ ಧುಮುಕುತ್ತದೆ. ಇದನ್ನೇ ಔಷಧವಾಗಿಸಿ ನರಕ್ಕೆ ಕೊಡುವ ಚಿಕಿತ್ಸೆಗೆ 2019ರಲ್ಲಿ, ಅದೇ ಬಗೆಯ ನುಂಗುವ ಔಷಧಕ್ಕೆ 2023ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು.

ಕೆಲವು ತಿಂಗಳ ಬಳಿಕ ಬಾಚಣಿಗೆಯಲ್ಲಿ ಗೊಂಚಲು ಗೊಂಚಲಾಗಿ ಬರುವ ಕೂದಲೂ ಈ ಇಳಿಜಾರಿನದೇ ಫಲ. ಬಸಿರಿನಲ್ಲಿ ಉದುರದೆ ಉಳಿದ ಕೂದಲು ಒಟ್ಟಿಗೆ ವಿಶ್ರಾಂತಿಗೆ ಹೋಗಿ ಒಟ್ಟಿಗೆ ಉದುರುತ್ತದೆ, ಸಾಮಾನ್ಯವಾಗಿ ವರ್ಷದೊಳಗೆ ಮತ್ತೆ ತುಂಬುತ್ತದೆ. ಆದರೆ ಆಯಾಸ, ಎದೆಬಡಿತ, ಮೈತೂಕದ ಏರುಪೇರು ಜೊತೆಗಿದ್ದರೆ ಥೈರಾಯ್ಡ್ ಪರೀಕ್ಷಿಸಿಕೊಳ್ಳಬೇಕು. ಹೆರಿಗೆಯ ನಂತರದ ಮೊದಲ ವರ್ಷದಲ್ಲಿ ಥೈರಾಯ್ಡ್ ಉರಿಯೂತ ಕಾಣಿಸಿಕೊಳ್ಳುವುದು ಅಪರೂಪವೇನಲ್ಲ, ‘ಬಾಣಂತಿಯ ಸುಸ್ತು’ ಎಂಬ ಮಾತಿನ ಹಿಂದೆ ಅದು ಸುಲಭವಾಗಿ ಅಡಗಿಕೊಳ್ಳುತ್ತದೆ.

ಕೀಲಿಕೈ ಮರಳುವುದು ಯಾವಾಗ?

ಹಾಲೂಡಿಸದ ತಾಯಿಯಲ್ಲಿ ಪ್ರೊಲ್ಯಾಕ್ಟಿನ್ ಎರಡು-ಮೂರು ವಾರದಲ್ಲಿ ಹಳೆಯ ಮಟ್ಟಕ್ಕೆ ಇಳಿಯುತ್ತದೆ. ಹಾಲೂಡಿಸುವವರಲ್ಲಿ ಮಗು ಬಾಯಿ ಹಾಕಿದಾಗಲೆಲ್ಲ ಅದು ಚಿಮ್ಮುತ್ತದೆ, ರಾತ್ರಿ ಇನ್ನೂ ಹೆಚ್ಚು. ಅದೇ ಚೀಪುವಿಕೆ ಆಕ್ಸಿಟೋಸಿನ್ ಅನ್ನೂ ಬಿಡಿಸುತ್ತದೆ: ಪ್ರೊಲ್ಯಾಕ್ಟಿನ್ ಹಾಲು ಮಾಡುತ್ತದೆ, ಆಕ್ಸಿಟೋಸಿನ್ ಅದನ್ನು ಹೊರಗೆ ಹಿಂಡುತ್ತದೆ. ಮಗುವಿನ ಅಳು ಕೇಳಿದರೆ ಸಾಕು, ಕೆಲವರಿಗೆ ಹಾಲು ತೊಟ್ಟಿಕ್ಕುತ್ತದೆ. ಮೊದಲ ದಿನಗಳಲ್ಲಿ ಹಾಲೂಡಿಸುವಾಗ ಹೊಟ್ಟೆ ಹಿಂಡಿದಂತಾಗುವುದು ಗರ್ಭಕೋಶವೂ ಅದೇ ಆಕ್ಸಿಟೋಸಿನ್‌ಗೆ ಕಿವಿಗೊಡುವುದರಿಂದ.

ಪದೇ ಪದೇ ಹಾಲೂಡಿಸುತ್ತಿರುವಾಗ ಹೈಪೊಥಲಾಮಸ್‌ನ ಮಿಡಿತ ಮಂಕಾಗಿರುತ್ತದೆ. ಅಂಡಾಶಯ ಮಲಗಿರುತ್ತದೆ, ಈಸ್ಟ್ರೋಜೆನ್ ತಗ್ಗಿಯೇ ಇರುತ್ತದೆ. ಈ ಕಾಲದ ಯೋನಿಯ ಶುಷ್ಕತೆಗೆ ಅದೇ ಕಾರಣ, ಹೇಳಿಕೊಳ್ಳಲು ಸಂಕೋಚಪಡಬೇಕಾದ ಕಾಯಿಲೆ ಅದಲ್ಲ. ಮಗುವಿಗೆ ಆರು ತಿಂಗಳು ತುಂಬಿಲ್ಲ, ಎದೆಹಾಲು ಬಿಟ್ಟು ಬೇರೇನೂ ಕೊಡುತ್ತಿಲ್ಲ, ಮುಟ್ಟು ಮರಳಿಲ್ಲ. ಈ ಮೂರೂ ಒಟ್ಟಿಗೆ ನಿಜವಾಗಿರುವವರೆಗೆ ಇನ್ನೊಂದು ಬಸಿರು ನಿಲ್ಲದಿರುವ ಸಾಧ್ಯತೆ ಶೇಕಡಾ 98ರಷ್ಟು. ಮೂರರಲ್ಲಿ ಒಂದು ತಪ್ಪಿದರೂ ಲೆಕ್ಕ ಕೆಡುತ್ತದೆ.

ಹಾಲೂಡಿಸದವರಲ್ಲಿ ಹೆರಿಗೆಯಾಗಿ ನಾಲ್ಕು ವಾರ ತುಂಬುವ ಮೊದಲೇ ಮಿಡಿತ ಮರಳಿ ಅಂಡಾಣು ಹೊರಬರಬಹುದು. ಮೆದುಳು ಕೀಲಿಕೈ ವಾಪಸು ಪಡೆದ ಸುದ್ದಿ ಹೊರಗೆ ತಿಳಿಯುವುದು ಮುಟ್ಟಾದಾಗ. ಅಂಡಾಣು ಅದಕ್ಕೆ ಎರಡು ವಾರ ಮೊದಲೇ ಹೊರಟಿರುತ್ತದೆ. ‘ಇನ್ನೂ ಮುಟ್ಟೇ ಆಗಿಲ್ಲವಲ್ಲ’ ಎಂದುಕೊಂಡಿದ್ದವರು ಮತ್ತೆ ಆ ಪಟ್ಟಿಯ ಎರಡು ಗೆರೆಗಳನ್ನು ನೋಡುವುದು ಹೀಗೆಯೇ.